ವ್ಲಾಗ್: ದಿನದ ಬದುಕು ಕಥೆಯಾಗುವ ಬಗೆ

ವ್ಲಾಗ್ ಅಂದರೆ ಒಬ್ಬರು ತಮ್ಮ ದಿನದ ಬದುಕಿನಿಂದ ಒಂದು ತುಣುಕನ್ನು ಆರಿಸಿಕೊಂಡು, ತಾವೇ ಕ್ಯಾಮೆರಾ ಹಿಡಿದು, ತಾವೇ ಅದರೊಳಗೆ ಇದ್ದು, ಕಥೆಯಾಗಿ ಹೇಳುವ ವಿಡಿಯೊ. ಈ ವಿವರಣೆಯಲ್ಲಿ 'ಆರಿಸಿಕೊಂಡು' ಅನ್ನುವುದನ್ನೇ ಜಾಸ್ತಿ ಜನ ಮರೆಯುತ್ತಾರೆ. ಬೆಳಗ್ಗೆ ಹಲ್ಲುಜ್ಜುವುದರಿಂದ ರಾತ್ರಿ ದೀಪ ಆರಿಸುವವರೆಗೆ ಎಲ್ಲವನ್ನೂ ತೋರಿಸುತ್ತಾ ಹೋಗುತ್ತಾರೆ. ಸಿಸಿಟಿವಿಯೂ ಅದನ್ನೇ ಮಾಡುತ್ತದೆ, ಅಲ್ವಾ? ಅದನ್ನು ಯಾರೂ ಇಷ್ಟಪಟ್ಟು ಕೂತು ನೋಡುವುದಿಲ್ಲ.

ಪದ ಹೊಸದು, ಆಸೆ ಹಳೆಯದು. ಫ್ರಾನ್ಸಿನ ಲೂಮಿಯೆರ್ ಸಹೋದರರು 1895ರಲ್ಲಿ ಜನರಿಗೆ ಸಿನಿಮಾ ತೋರಿಸಿದಾಗ ಪರದೆಯ ಮೇಲೆ ಇದ್ದದ್ದು ರಾಜರ ಕಥೆಯೇನಲ್ಲ. ಕೆಲಸಗಾರರು ಕಾರ್ಖಾನೆಯಿಂದ ಹೊರಗೆ ಬರುವುದು, ಅಪ್ಪ ಅಮ್ಮ ಮಗುವಿಗೆ ಊಟ ಮಾಡಿಸುವುದು, ಇಂಥವೇ ಇದ್ದವು. ಇಂಟರ್ನೆಟ್‌ಗೆ ಬಂದರೆ, ಆಡಂ ಕಾಂಟ್ರಾಸ್ ಎಂಬ ಅಮೆರಿಕದವರು 2000ದ ಜನವರಿಯಲ್ಲಿ ತಮ್ಮ ಬ್ಲಾಗಿನ ಜೊತೆ ಹಾಕಿದ ವಿಡಿಯೊವನ್ನು ಮೊದಲ ವ್ಲಾಗ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಯೂಟ್ಯೂಬಿನ ಮೊದಲ ವಿಡಿಯೊ ಬಂದದ್ದು 2005ರ ಏಪ್ರಿಲ್ 23ರಂದು. ಸ್ಥಾಪಕರಲ್ಲಿ ಒಬ್ಬರಾದ ಜಾವೆದ್ ಕರೀಂ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲಿನ ಬಗ್ಗೆ ಮಾತಾಡುತ್ತಾರೆ. ಒಟ್ಟು 19 ಸೆಕೆಂಡ್. 2015ರಲ್ಲಿ ಅಮೆರಿಕದ ಯೂಟ್ಯೂಬರ್ ಕೇಸಿ ನೈಸ್ಟಾಟ್ ದಿನಕ್ಕೊಂದು ವ್ಲಾಗ್ ಹಾಕಲು ಶುರು ಮಾಡಿದ ಮೇಲೆ, ಮಾಮೂಲಿ ದಿನವನ್ನೂ ಸಿನಿಮಾದಂತೆ ಕತ್ತರಿಸಿ ಜೋಡಿಸಬಹುದು ಎನ್ನುವುದು ಎಲ್ಲರ ಕಣ್ಣಿಗೆ ಬಿತ್ತು.

ಹಾಗಾದರೆ ತುಣುಕನ್ನು ಆರಿಸುವುದು ಹೇಗೆ? ನನ್ನ ಪ್ರಕಾರ ಒಂದೇ ಪರೀಕ್ಷೆ ಸಾಕು. ಆ ತುಣುಕಿನಲ್ಲಿ ಯಾರಿಗೋ ಏನೋ ಬೇಕಾಗಿರಬೇಕು, ಮತ್ತು ಅದು ಸುಲಭಕ್ಕೆ ಸಿಗಬಾರದು.

ಒಂದು ಉದಾಹರಣೆ ನೋಡೋಣ. ಮಲಗುವ ಕೋಣೆಯ ಫ್ಯಾನ್ ರಾತ್ರಿಯೆಲ್ಲ ಕಿರ್ ಕಿರ್ ಎನ್ನುತ್ತದೆ. ನಿದ್ದೆ ಇಲ್ಲ. ಇವತ್ತು ಅದನ್ನು ಸರಿ ಮಾಡಲೇಬೇಕು. 'ನನ್ನ ಭಾನುವಾರ' ಎಂಬ ಹೆಸರಿನಲ್ಲಿ ಇದನ್ನು ತೆಗೆದರೆ ಫ್ಯಾನ್ ಎಲ್ಲೋ ನಡುವೆ ಅರ್ಧ ನಿಮಿಷ ಬಂದು ಹೋಗುತ್ತದೆ. ಅದೇ 'ಈ ಸದ್ದು ಇವತ್ತು ನಿಲ್ಲುತ್ತದಾ?' ಎಂಬ ಪ್ರಶ್ನೆಯಿಂದ ಶುರು ಮಾಡಿ ನೋಡಿ. ಸ್ಟೂಲ್ ಹುಡುಕುವುದು, ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಆ ಸ್ಕ್ರೂಗೆ ಹೊಂದದೇ ಹೋಗುವುದು, ಧೂಳು ಕಣ್ಣಿಗೆ ಬೀಳುವುದು, ಎಲ್ಲ ಬಿಗಿ ಮಾಡಿ ಸ್ವಿಚ್ ಹಾಕಿದಾಗ ಮತ್ತೆ ಅದೇ ಕಿರ್ ಕಿರ್. ಈಗ ನೋಡುವವರು ಎದ್ದು ಹೋಗುವುದಿಲ್ಲ. ಅವರಿಗೂ ಆ ಸದ್ದು ನಿಲ್ಲಬೇಕು. ಬೆಳಗಿನ ತಿಂಡಿ, ಬಟ್ಟೆ ಒಗೆದದ್ದು, ಸಂಜೆಯ ವಾಕಿಂಗ್ ಎಲ್ಲ ಈ ವಿಡಿಯೊದಿಂದ ಹೊರಗೆ. ಅವು ಚೆನ್ನಾಗಿ ಬಂದಿದ್ದರೂ ಹೊರಗೆ. ತೆಗೆದದ್ದನ್ನು ಬಿಡುವುದು ಹೊಟ್ಟೆ ಉರಿಯುವ ಕೆಲಸ, ಆದರೆ ಎಡಿಟಿಂಗಿನ ಮುಕ್ಕಾಲು ಪಾಲು ಅದೇ.

ಮೊದಲ ಕೆಲವು ಸೆಕೆಂಡಿನಲ್ಲಿ ಈ ಪ್ರಶ್ನೆ ಇಡುವುದನ್ನು 'ಹುಕ್' ಅನ್ನುತ್ತಾರೆ. ಹುಕ್ ಎಂದರೆ ಕಿರುಚಾಟ ಎಂದುಕೊಂಡವರು ಈಗ ಜಾಸ್ತಿ. 'ಕೊನೆವರೆಗೂ ನೋಡಿ, ಶಾಕ್ ಆಗ್ತೀರಾ' ಎನ್ನುವುದು ಮಾತು ಕೊಟ್ಟಂತೆ. ಕೊನೆಯಲ್ಲಿ ಶಾಕ್ ಇಲ್ಲದಿದ್ದರೆ ಮುಂದಿನ ಸಲ ಯಾರೂ ನಂಬುವುದಿಲ್ಲ. ಫ್ಯಾನಿನ ವಿಡಿಯೊಗೆ ಮಾತೇ ಬೇಡ. ಕತ್ತಲ ಕೋಣೆ, ಕಿರ್ ಕಿರ್ ಸದ್ದು, ತೆರೆದ ಕಣ್ಣು. ಐದು ಸೆಕೆಂಡಿನಲ್ಲಿ ವಿಷಯ ಗೊತ್ತಾಯಿತು.

ಈಗ ಶಾಟ್‌ಗಳ ವಿಚಾರ. ಇಡೀ ಕೆಲಸವನ್ನು ಒಂದೇ ಕೋನದಿಂದ ತೆಗೆದರೆ ಎಡಿಟ್ ಮಾಡುವಾಗ ಕತ್ತರಿಸಲು ಜಾಗವೇ ಇರುವುದಿಲ್ಲ. ವಿಡಿಯೊ ಪತ್ರಕರ್ತರಿಗೆ ಕಲಿಸುವ ಐದು ಶಾಟ್‌ಗಳ ಪದ್ಧತಿ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲಸ ಮಾಡುವ ಕೈ ಹತ್ತಿರದಿಂದ, ಮುಖ ಹತ್ತಿರದಿಂದ, ಇಡೀ ಜಾಗ ಕಾಣುವಂತೆ ದೂರದಿಂದ, ಭುಜದ ಹಿಂದಿನಿಂದ, ಇನ್ನೊಂದು ಯಾರೂ ನೋಡದ ಕೋನದಿಂದ. ಕೈ ಮೊದಲು ತೋರಿಸಿದರೆ 'ಇದು ಯಾರ ಕೈ, ಏನು ಮಾಡುತ್ತಿದೆ' ಎಂಬ ಸಣ್ಣ ಕುತೂಹಲ ತಾನಾಗಿಯೇ ಹುಟ್ಟುತ್ತದೆ. ಪ್ರತಿ ಶಾಟನ್ನೂ ಅಲ್ಲಾಡಿಸದೆ ಹತ್ತು ಸೆಕೆಂಡಾದರೂ ಹಿಡಿಯಿರಿ. ಬಳಸುವುದು ಎರಡೋ ಮೂರೋ ಸೆಕೆಂಡ್ ಇರಬಹುದು, ಆದರೆ ಆ ಒಳ್ಳೆಯ ಎರಡು ಸೆಕೆಂಡ್ ಯಾವುದು ಎಂದು ತೆಗೆಯುವಾಗ ಗೊತ್ತಾಗುವುದಿಲ್ಲ.

ಮಾತು ಕೇಳಿಸುತ್ತಿರುವಾಗಲೇ ಮಾತಾಡುವ ಮುಖದ ಬದಲು ತೋರಿಸುವ ಇಂಥ ದೃಶ್ಯಗಳಿಗೆ 'ಬಿ-ರೋಲ್' ಎಂದು ಹೆಸರು. ಫಿಲ್ಮ್ ಕಾಲದಲ್ಲಿ ಜೋಡಣೆಯ ಗುರುತು ಕಾಣದಿರಲಿ ಎಂದು ಶಾಟ್‌ಗಳನ್ನು ಎ ಮತ್ತು ಬಿ ಎಂಬ ಎರಡು ಸುರುಳಿಗಳಲ್ಲಿ ಹಂಚಿ ಇಡುತ್ತಿದ್ದರು, ಆ ಹೆಸರು ಹಾಗೇ ಉಳಿದಿದೆ. ಬಿ-ರೋಲ್ ಇಲ್ಲದೆ ಮಾತಿನ ನಡುವಿನ ಚೂರನ್ನು ಕತ್ತರಿಸಿದರೆ ತಲೆ ಟಕ್ ಎಂದು ಹಾರಿದಂತೆ ಕಾಣುತ್ತದೆ. ಅದು 'ಜಂಪ್ ಕಟ್'. ಒಂದು ಕಾಲದಲ್ಲಿ ತಪ್ಪು, ಈಗ ವ್ಲಾಗಿನ ಶೈಲಿ. ಒಂದೆರಡು ಇದ್ದರೆ ಚುರುಕು, ಸಾಲಾಗಿ ಬಂದರೆ ತಲೆನೋವು.

ಶಾಟ್‌ಗಳನ್ನು ಜೋಡಿಸುವ ಕ್ರಮದಲ್ಲೇ ಅರ್ಧ ಕಥೆ ಇದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಇದನ್ನು ಮಾಡಿ ತೋರಿಸಿದರು. ನಟನೊಬ್ಬನ ಒಂದೇ ಮುಖಭಾವದ ಶಾಟನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ, ಹೆಣ್ಣೊಬ್ಬಳ ದೃಶ್ಯದ ಪಕ್ಕ ಇಟ್ಟರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತಂತೆ. ನಮ್ಮ ಫ್ಯಾನಿನ ಕಥೆಯಲ್ಲೂ ಹೀಗೇ. ಸುಮ್ನೆ ಮೇಲೆ ನೋಡುತ್ತಿರುವ ಮುಖದ ನಂತರ ನಿಂತ ಫ್ಯಾನ್ ತೋರಿಸಿದರೆ 'ಎಲ್ಲಿಂದ ಶುರು ಮಾಡಲಿ' ಎಂಬ ಯೋಚನೆ ಕಾಣುತ್ತದೆ. ಅದೇ ಮುಖದ ನಂತರ ನೆಲದ ಮೇಲೆ ಬಿದ್ದ ಸ್ಕ್ರೂ ತೋರಿಸಿದರೆ 'ಅಯ್ಯೋ, ಇದು ಎಲ್ಲಿಂದ ಬಂತು' ಎಂಬ ಗಾಬರಿ. ನಟನೆ ಬರದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಸರಿಯಾಗಿ ಕೇಳದಿದ್ದರೆ ಸಹಿಸುವುದಿಲ್ಲ. ಆದರೂ ಹೊಸಬರು ದುಡ್ಡು ಸುರಿಯುವುದು ಕ್ಯಾಮೆರಾ ಮೇಲೆ! ಫೋನಿನ ಮೈಕ್ ಮಾರು ದೂರಕ್ಕೆ ಹೋದರೆ ಕೋಣೆಯ ಗೋಡೆಗಳ ಮಾರ್ದನಿಯೂ ಸೇರಿಕೊಳ್ಳುತ್ತದೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಇಲ್ಲದಿದ್ದರೆ ಎರಡನೇ ಫೋನನ್ನು ಜೇಬಿನ ಹತ್ತಿರ ಇಟ್ಟು ಅದರಲ್ಲೇ ಧ್ವನಿ ರೆಕಾರ್ಡ್ ಮಾಡಿ, ಆಮೇಲೆ ಚಿತ್ರಕ್ಕೆ ಹೊಂದಿಸಬಹುದು. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಹೊಂದಿಸುವುದು ಸುಲಭ. ಮಾತಿಲ್ಲದ ಸದ್ದುಗಳನ್ನೂ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ: ಸ್ಟೂಲ್ ಎಳೆಯುವುದು, ಸ್ವಿಚ್ಚಿನ ಟಕ್. ಮುಂದಿನ ದೃಶ್ಯದ ಸದ್ದು ಒಂದು ಸೆಕೆಂಡ್ ಮೊದಲೇ ಕೇಳಿಸಿ ಆಮೇಲೆ ಚಿತ್ರ ಬರುವ ಜೋಡಣೆಗೆ 'ಜೆ ಕಟ್' ಅನ್ನುತ್ತಾರೆ. ಎರಡು ದೃಶ್ಯಗಳ ನಡುವಿನ ಬಿರುಕು ಇದರಿಂದ ಮುಚ್ಚುತ್ತದೆ. ಎಲ್ಲದರ ಮೇಲೂ ಹಿನ್ನೆಲೆ ಸಂಗೀತ ಸುರಿಯುವವರಿಗೆ ಈ ಸುಖ ಸಿಗುವುದಿಲ್ಲ.

ಅಡ್ಡವಾಗಿ ತೆಗೆಯಬೇಕೋ ಉದ್ದವಾಗಿಯೋ ಎಂಬುದು ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ರೀಲ್ಸ್, ಶಾರ್ಟ್ಸ್‌ಗೆ 9:16 ಅಳತೆಯ ಉದ್ದ ಚಿತ್ರ, ಮಾಮೂಲಿ ಯೂಟ್ಯೂಬ್ ವಿಡಿಯೊಗೆ 16:9. ಯೂಟ್ಯೂಬ್ 2024ರ ಅಕ್ಟೋಬರ್‌ನಿಂದ ಶಾರ್ಟ್ಸ್‌ಗೆ ಮೂರು ನಿಮಿಷದವರೆಗೆ ಜಾಗ ಕೊಟ್ಟಿದೆ. ಫ್ಯಾನಿನ ಕಥೆಗೆ ಅಷ್ಟೂ ಬೇಡ ಅನಿಸುತ್ತದೆ.

ಸದ್ದು ನಿಲ್ಲದೇ ಹೋದರೆ? ಆಗಲೂ ವ್ಲಾಗ್ ಆಗುತ್ತದೆ. ನೋಡುವವರು ಕೇಳುವುದು ಉತ್ತರ, ಗೆಲುವೇ ಬೇಕು ಎಂದೇನಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡುವಲ್ಲಿಗೆ ಮುಗಿದರೂ ಸರಿ. ಗೆದ್ದಂತೆ ನಟಿಸಿದರೆ ಮಾತ್ರ ಸಿಕ್ಕಿಬೀಳುತ್ತೀರಿ. ಒಮ್ಮೆ ಆಗಿಹೋದ ಕ್ಷಣವನ್ನು ಕ್ಯಾಮೆರಾಗಾಗಿ ಮತ್ತೆ ಮಾಡಿಸುವುದರಲ್ಲೂ ಒಂದು ಗೆರೆ ಇದೆ. ಸ್ಟೂಲ್ ಹತ್ತುವುದನ್ನು ಇನ್ನೊಮ್ಮೆ ತೆಗೆಯಬಹುದು. ಅಳುವನ್ನು, ಅಚ್ಚರಿಯನ್ನು ಇನ್ನೊಮ್ಮೆ ತೆಗೆದರೆ ಅದು ನಾಟಕವೇ.

ದಿನದ ಬದುಕಿನಲ್ಲಿ ನಾವು ಒಬ್ಬರೇ ಇರುವುದಿಲ್ಲ ಎಂಬುದೊಂದು ತೊಡಕು. ಮನೆಯವರು, ಪಕ್ಕದ ಮನೆಯವರು, ದಾರಿಯಲ್ಲಿ ಹೋಗುವವರು ಎಲ್ಲ ಫ್ರೇಮಿಗೆ ಬರುತ್ತಾರೆ. ಹತ್ತಿರದಿಂದ ತೋರಿಸುವವರನ್ನು ಮೊದಲೇ ಕೇಳಿ, ಹಾಕುವ ಮುಂಚೆ ಎಡಿಟ್ ಆದದ್ದನ್ನು ಅವರಿಗೆ ಒಮ್ಮೆ ತೋರಿಸಿ. ಮಕ್ಕಳ ಶಾಲೆಯ ಹೆಸರು, ಗಾಡಿಯ ನಂಬರ್, ಮನೆ ವಿಳಾಸ ಇರುವ ಪಾರ್ಸೆಲ್ ಹಿನ್ನೆಲೆಯಲ್ಲಿ ಇವೆಯಾ ಎಂದು ನಿಲ್ಲಿಸಿ ನಿಲ್ಲಿಸಿ ನೋಡಿ, ಇದ್ದರೆ ಮಸುಕು ಮಾಡಿ. ಹೊರಗೆ ಎಲ್ಲಾದರೂ ತೆಗೆದ ವಿಡಿಯೊ ಆದರೆ ಅಲ್ಲಿಂದ ಹೊರಟ ಮೇಲೆಯೇ ಅಪ್‌ಲೋಡ್ ಮಾಡಿ.