ಲ್ಯಾಂಕಶೈರಿನ ಹತ್ತಿ ಬರ: ಅಮೆರಿಕದ ಯುದ್ಧ, ಇಂಗ್ಲೆಂಡಿನ ಹಸಿವು, ಧಾರವಾಡದ ಹೊಲ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ನಡುವೆ ಅಬ್ರಹಾಂ ಲಿಂಕನ್ ಪ್ರತಿಮೆಯೊಂದಿದೆ. ಲಿಂಕನ್ ಒಮ್ಮೆಯೂ ಇಂಗ್ಲೆಂಡಿಗೆ ಹೋದವನಲ್ಲ. ಆದರೆ ಅಲ್ಲಿನ ಗಿರಣಿ ಕೆಲಸಗಾರರಿಗೆ ಅವನು ಬರೆದ ಪತ್ರದ ಸಾಲುಗಳು ಆ ಪ್ರತಿಮೆಯ ಪೀಠದ ಮೇಲಿವೆ. 1863ರ ಜನವರಿ 19ರ ಪತ್ರ ಅದು. ತನ್ನ ದೇಶವೇ ಎರಡು ಹೋಳಾಗಿ ಹೊಡೆದಾಡುತ್ತಿದ್ದಾಗ, ಅಧ್ಯಕ್ಷನೊಬ್ಬ ಸಮುದ್ರದಾಚೆಯ ನೇಕಾರರಿಗೆ ಪತ್ರ ಬರೆದದ್ದು ಯಾಕೆ? ಉತ್ತರ ಹತ್ತಿಯಲ್ಲಿದೆ. ಅದೇ ಹತ್ತಿಯ ಕಥೆ ನಮ್ಮ ಧಾರವಾಡ, ಕುಮಟಾದವರೆಗೂ ಬರುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1793ರಲ್ಲಿ ಎಲಿ ವಿಟ್ನಿ ಎಂಬ ಅಮೆರಿಕದವನು ಹತ್ತಿಯಿಂದ ಕಾಳು ಬೇರ್ಪಡಿಸುವ ಯಂತ್ರ ಮಾಡಿದ. ಕೈಯಲ್ಲಿ ದಿನವಿಡೀ ಮಾಡುವ ಕೆಲಸ ಬೇಗ ಬೇಗ ಆಗತೊಡಗಿತು. ಇದರಿಂದ ಗುಲಾಮರ ಕಷ್ಟ ಕಡಿಮೆಯಾಗಬೇಕಿತ್ತು, ಅಲ್ವಾ? ಆದದ್ದು ಉಲ್ಟಾ. ಹತ್ತಿ ಲಾಭದ ಬೆಳೆಯಾಯಿತು, ಹೊಲಗಳು ಹರಡಿದವು, ಬಿಡಿಸಲು ಇನ್ನಷ್ಟು ಕೈ ಬೇಕಾದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಅಮೆರಿಕದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷದ ಹತ್ತಿರ ಬಂತು.

ಬ್ರಿಟನ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ನಿಲ್ಲಿಸುವ ಕಾನೂನನ್ನು 1833ರಲ್ಲೇ ಮಾಡಿತ್ತು. ಆಗ ಪರಿಹಾರವಾಗಿ ಕೊಟ್ಟ 2 ಕೋಟಿ ಪೌಂಡ್ ಮಾಲೀಕರ ಕೈ ಸೇರಿತು. ಗುಲಾಮರಿಗೆ ಬಿಡಿಕಾಸೂ ಸಿಗಲಿಲ್ಲ. ಅದೇ ಬ್ರಿಟನ್ ಅಮೆರಿಕದ ಗುಲಾಮರು ಬೆಳೆದ ಹತ್ತಿಯನ್ನು ಮಾತ್ರ ಹಡಗುಗಟ್ಟಲೆ ಕೊಳ್ಳುತ್ತಿತ್ತು. 1850ರ ದಶಕದ ಕೊನೆಗೆ ಅದರ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಬರುತ್ತಿದ್ದದ್ದು ಅಲ್ಲಿಂದಲೇ. ಹತ್ತಿಯೇ ರಾಜ, ಅದರ ಮೇಲೆ ಯುದ್ಧ ಸಾರುವ ಧೈರ್ಯ ಯಾರಿಗೂ ಇಲ್ಲ ಎಂದು ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್ 1858ರಲ್ಲಿ ಎದೆಯುಬ್ಬಿಸಿ ಹೇಳಿದ್ದು ಈ ನಂಬಿಕೆಯಿಂದಲೇ.

1861ರ ಏಪ್ರಿಲ್‌ನಲ್ಲಿ, ಗುಲಾಮಗಿರಿಯ ವಿಚಾರದಲ್ಲಿ ಬೇರೆಯಾಗಿ ನಿಂತ ದಕ್ಷಿಣದ ರಾಜ್ಯಗಳಿಗೂ ಲಿಂಕನ್ ಕಡೆಯ ಉತ್ತರದ ರಾಜ್ಯಗಳಿಗೂ ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ಹಡಗು ಹೋಗದಂತೆ ತಡೆಯಲು ಲಿಂಕನ್ ಆಜ್ಞೆ ಮಾಡಿದ. ದಕ್ಷಿಣದವರೂ ತಮ್ಮ ಹತ್ತಿಯನ್ನು ತಾವೇ ತಡೆದು ಕೂತರು. ಸರಕು ನಿಂತರೆ ಬ್ರಿಟನ್ ತಮ್ಮ ಕಡೆ ಬಂದೇ ಬರುತ್ತದೆ ಎಂಬುದು ಅವರ ಲೆಕ್ಕ. ಆದರೆ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳ ಸೀಮೆಯಾದ ಲ್ಯಾಂಕಶೈರಿನ ಗೋದಾಮುಗಳಲ್ಲಿ ಆಗಲೇ ಹತ್ತಿ, ಬಟ್ಟೆ ಎರಡೂ ತುಂಬಿದ್ದವು. ಹಿಂದಿನ ವರ್ಷಗಳಲ್ಲಿ ಗಿರಣಿಗಳು ಮಿತಿಮೀರಿ ಬಟ್ಟೆ ಮಾಡಿ ರಾಶಿ ಹಾಕಿದ್ದವು. ಯುದ್ಧ ಇಲ್ಲದಿದ್ದರೂ ಕೆಲವು ಗಿರಣಿಗಳಿಗೆ ಬೀಗ ಬೀಳುವ ಕಾಲ ಅದು. ಇಷ್ಟು ದೊಡ್ಡ ಸಂಕಟಕ್ಕೆ ಪೂರಾ ಹೊಣೆ ಯುದ್ಧದ್ದೇ ಎನ್ನುವುದು ಸರಿಯಲ್ಲ. ಹಳೇ ದಾಸ್ತಾನು ಇದ್ದ ದೊಡ್ಡ ವ್ಯಾಪಾರಿಗಳು ಬೆಲೆ ಏರಿದಾಗ ಚೆನ್ನಾಗಿಯೇ ದುಡ್ಡು ಮಾಡಿಕೊಂಡರು.

ಪೆಟ್ಟು ಬಿದ್ದದ್ದು ಕೂಲಿಯವರಿಗೆ. 1862ರ ಚಳಿಗಾಲದ ಹೊತ್ತಿಗೆ ಸುಮಾರು 5 ಲಕ್ಷ ಜನ ಪರಿಹಾರದ ಕಾಸಿನ ಮೇಲೆ ಬದುಕುತ್ತಿದ್ದರು. ಮೊದಲು ಕೈಯಲ್ಲಿದ್ದ ಉಳಿತಾಯ ಕರಗಿತು. ಆಮೇಲೆ ಮನೆಯ ಸಾಮಾನು, ಹಾಸಿಗೆ, ಬಟ್ಟೆ ಅಡವಿಟ್ಟರು. ಸರಕಾರದ ಬಡವರ ಕಾನೂನಿನಡಿ ನೆರವು ಬೇಕೆಂದರೆ ಗಂಡಸರು ಕಲ್ಲು ಒಡೆಯಬೇಕಿತ್ತು. ನಾಜೂಕಾಗಿ ನೂಲು ತೆಗೆದ ಕೈಗಳಿಗೆ ಸುತ್ತಿಗೆ ಕೊಟ್ಟರು. ಹುಡುಗಿಯರನ್ನು ಹೊಲಿಗೆ ಶಾಲೆಗಳಿಗೆ ಕಳಿಸಿದರು. ಸ್ಟೇಲಿಬ್ರಿಡ್ಜ್ ಎಂಬ ಊರಿನಲ್ಲಿ 1863ರ ಮಾರ್ಚ್‌ನಲ್ಲಿ ನಗದಿನ ಬದಲು ಅಂಗಡಿ ಚೀಟಿ ಕೊಡಲು ಹೊರಟಾಗ ಜನ ರೊಚ್ಚಿಗೆದ್ದರು. ಅಂಗಡಿಗಳು ಲೂಟಿಯಾದವು, ಕುದುರೆ ಸೈನಿಕರು ಬಂದರು. ತಮ್ಮ ದುಡಿಮೆಯಿಂದ ತಲೆ ಎತ್ತಿ ಬದುಕಿದ್ದವರಿಗೆ ಆ ಚೀಟಿ ಅವಮಾನವಾಗಿತ್ತು. ಅವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ.

ಇಂಥ ಹಸಿವಿನ ನಡುವೆ, 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಕೆಲಸಗಾರರ ಸಭೆ ಸೇರಿತು. ಮರುದಿನವೇ ಬಂಡಾಯ ರಾಜ್ಯಗಳ ಗುಲಾಮರನ್ನು ಬಿಡುಗಡೆ ಮಾಡುವ ಲಿಂಕನ್ ಘೋಷಣೆ ಜಾರಿಯಾಗಲಿತ್ತು. ಗುಲಾಮಗಿರಿಯನ್ನು ಬುಡಸಮೇತ ಕಿತ್ತುಹಾಕಿ, ನಾವು ನಿಮ್ಮ ಜತೆಗಿದ್ದೇವೆ ಎಂದು ಆ ಸಭೆ ಲಿಂಕನ್‌ಗೆ ಬರೆಯಿತು. ಹಡಗು ತಡೆ ಮುಗಿದರೆ ತಮ್ಮ ಒಲೆ ಮತ್ತೆ ಉರಿಯುತ್ತದೆ ಎಂದು ಗೊತ್ತಿದ್ದೂ ಬರೆದರು. ಯಾವ ಕಾಲದಲ್ಲೂ ಯಾವ ದೇಶದಲ್ಲೂ ಇದನ್ನು ಮೀರಿಸಿದ ಧೀರತನ ಕಂಡಿಲ್ಲ ಎಂಬ ಅರ್ಥದಲ್ಲಿ ಲಿಂಕನ್ ಉತ್ತರಿಸಿದ. ಫೆಬ್ರವರಿಯಲ್ಲಿ ‘ಜಾರ್ಜ್ ಗ್ರಿಸ್ವೋಲ್ಡ್’ ಎಂಬ ಹಡಗು ಅಮೆರಿಕದ ಜನ ಕಳಿಸಿದ ಹಿಟ್ಟು, ಧಾನ್ಯ ಹೊತ್ತು ಲಿವರ್‌ಪೂಲ್ ತಲುಪಿತು.

ಲ್ಯಾಂಕಶೈರಿನ ಎಲ್ಲರೂ ಹೀಗೇ ಯೋಚಿಸಿದರು ಎಂದಲ್ಲ. ಹಡಗು ತಡೆಯನ್ನು ಮುರಿಯಬೇಕು ಎಂದ ಸಭೆಗಳೂ ನಡೆದವು. ಲಿವರ್‌ಪೂಲಿನ ವ್ಯಾಪಾರಿಗಳಲ್ಲಿ ಬಹಳ ಜನ ದಕ್ಷಿಣದ ಕಡೆಗಿದ್ದರು. ಉತ್ತರದ ಹಡಗುಗಳನ್ನು ಬೇಟೆಯಾಡಿದ ‘ಅಲಬಾಮಾ’ ಯುದ್ಧನೌಕೆ ಕಟ್ಟಿದ್ದು ಆ ಊರಿನ ಎದುರು ದಡದ ಬರ್ಕೆನ್‌ಹೆಡ್‌ನಲ್ಲಿ. ಅದೂ ಅಂಥ ಬೇರೆ ಹಡಗುಗಳೂ ಮಾಡಿದ ನಷ್ಟಕ್ಕಾಗಿ ಬ್ರಿಟನ್ 1872ರಲ್ಲಿ ಒಂದೂವರೆ ಕೋಟಿ ಡಾಲರಿಗೂ ಜಾಸ್ತಿ ತೆರಬೇಕಾಯಿತು. ಬ್ರಿಟನ್ನಿನ ಮಂತ್ರಿಯಾಗಿದ್ದ ಗ್ಲ್ಯಾಡ್‌ಸ್ಟನ್ ಕೂಡ 1862ರಲ್ಲಿ ದಕ್ಷಿಣದವರು ಒಂದು ರಾಷ್ಟ್ರವನ್ನೇ ಕಟ್ಟಿಬಿಟ್ಟರು ಎಂದು ಹೊಗಳಿದ್ದ. ಓದಿದವರು, ಆಳುವವರು ಹೀಗೆ ಎಡವಿದ ಕಡೆ, ಕೆಲಸ ಕಳೆದುಕೊಂಡ ಅಷ್ಟೊಂದು ಜನ ನ್ಯಾಯದ ಕಡೆ ನಿಂತರು. ಆ ಸಭೆಯ ಪತ್ರವನ್ನು ನಾನು ದೊಡ್ಡದೆಂದು ಎಣಿಸುವುದು ಇದಕ್ಕೇ. ಮುಂದೆ ದುಡಿಯುವವರಿಗೆ ಮತದ ಹಕ್ಕು ಕೊಡಬೇಕೆಂದು ವಾದಿಸುವಾಗ ಇದೇ ಗ್ಲ್ಯಾಡ್‌ಸ್ಟನ್ ಲ್ಯಾಂಕಶೈರಿನವರ ನಡತೆಯನ್ನು ಮುಂದಿಟ್ಟ. 1867ರಲ್ಲಿ ಪಟ್ಟಣದ ಬಹಳಷ್ಟು ಕೆಲಸಗಾರರಿಗೆ ಆ ಹಕ್ಕು ಬಂತು. ಗಂಡಸರಿಗೆ ಮಾತ್ರ.

ಇತ್ತ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು. ‘ಸೂರತ್’ ಎಂಬ ಹೆಸರಿನಲ್ಲಿ ಹೋದ ಆ ಹತ್ತಿಯ ಎಳೆ ಗಿಡ್ಡ, ಕಸ ಜಾಸ್ತಿ. ಅಮೆರಿಕದ ಹತ್ತಿಗೆಂದು ಹೊಂದಿಸಿದ್ದ ಯಂತ್ರಗಳಲ್ಲಿ ನೂಲು ಪದೇ ಪದೇ ಹರಿಯುತ್ತಿತ್ತು. ಕೂಲಿ ಸಿಗುತ್ತಿದ್ದದ್ದು ಮಾಡಿದ ಮಾಲಿನ ಲೆಕ್ಕದಲ್ಲಿ. ಹಾಗಾಗಿ ಕೆಲಸ ಸಿಕ್ಕವರಿಗೂ ಹೊಟ್ಟೆ ತುಂಬಲಿಲ್ಲ. ದೇವರೇ ಹತ್ತಿ ಕೊಡು, ಆದರೆ ಸೂರತ್ ಬೇಡ ಎಂದು ಅವರು ಬೇಡಿಕೊಂಡರು ಎಂಬ ಮಾತು ಇಂದಿಗೂ ಉಳಿದಿದೆ.

ಧಾರವಾಡಕ್ಕೆ ಬೆಲೆ ಬಂದದ್ದು ಇಲ್ಲಿ. ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲೇ ಅಮೆರಿಕದಿಂದ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯ ಬೀಜ ಹಂಚಿತ್ತು. ದೇಶದ ಹೆಚ್ಚಿನ ಕಡೆ ಆ ಬೆಳೆ ಹತ್ತಲಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಕರಿಮಣ್ಣಿನಲ್ಲಿ ನೆಲೆ ನಿಂತಿತು. ಜವಾರಿ ಹತ್ತಿ ಎತ್ತುಗಳ ಮೇಲೆ, ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದರ ಹೆಸರೂ ಕುಮಟಾ ಹತ್ತಿಯೇ. ಯುದ್ಧದ ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಏರಿತು. ಕಾರವಾರದಲ್ಲಿ ದೊಡ್ಡ ಹತ್ತಿ ಬಂದರು ಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈಗೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು.

1865ರಲ್ಲಿ ಯುದ್ಧ ಮುಗಿಯಿತು. ಬೆಲೆ ಕುಸಿಯಿತು. ಮುಂಬೈನಲ್ಲಿ ಹತ್ತಿಯ ದುಡ್ಡಿನಿಂದ ಉಬ್ಬಿದ್ದ ಷೇರು ಪೇಟೆ ಬಿತ್ತು. ಒಳ್ಳೆ ಬೆಲೆಯ ಆಸೆಯಲ್ಲಿ ಸಾಲ ಮಾಡಿದ್ದ ರೈತರು ಸಿಕ್ಕಿಬಿದ್ದರು. ಪುಣೆ, ಅಹ್ಮದ್‌ನಗರ ಕಡೆ ಆ ಸಾಲದ ಸಿಟ್ಟು 1875ರಲ್ಲಿ ಸಾಹುಕಾರರ ಮೇಲೆ ತಿರುಗಿ ಸಾಲಪತ್ರಗಳು ಸುಟ್ಟುಹೋದವು. ಮರುವರ್ಷವೇ ಬಂದ ದೊಡ್ಡ ಬರ ಧಾರವಾಡವನ್ನೂ ಬಿಡಲಿಲ್ಲ. ಲ್ಯಾಂಕಶೈರಿನ ಗಿರಣಿಗಳು ಮತ್ತೆ ಅಮೆರಿಕದ ಹತ್ತಿಗೇ ಮರಳಿದವು. ಬಿಡುಗಡೆಯಾದ ಕಪ್ಪು ಜನರಲ್ಲಿ ಬಹಳ ಮಂದಿ ಅಲ್ಲಿ ಅದೇ ಹೊಲಗಳಲ್ಲಿ, ಈಗ ಪಾಲಿಗೆ ಗೇಯುತ್ತ, ಧಣಿಗಳ ಸಾಲದಲ್ಲಿ ಹತ್ತಿ ಬೆಳೆಯುತ್ತಿದ್ದರು. ಕಾರವಾರದ ಕನಸು ಕೈಗೂಡಲಿಲ್ಲ. 1880ರ ದಶಕದಲ್ಲಿ ರೈಲು ಗೋವೆಯ ಮುರ್ಮಗೋವೆಗೆ ಹೋಯಿತು. ಧಾರವಾಡದ ಹತ್ತಿಯೂ ಅದರ ಹಿಂದೆ ಹೋಯಿತು. ಕುಮಟಾದ ಹತ್ತಿ ವ್ಯಾಪಾರ ಮತ್ತೆ ಚೇತರಿಸಿಕೊಳ್ಳಲಿಲ್ಲ.