ಲೋ ಪ್ರೊಫೈಲ್ ಅಂದರೆ ಯಾವುದು ಲೋ?

ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರೊಂದರ ಜಾಹೀರಾತಿನಲ್ಲಿ ‘20 ಇಂಚಿನ ಹೈ ಪ್ರೊಫೈಲ್ ಟೈರ್’ ಎಂದು ಬರೆದಿದ್ದರು. ಪಕ್ಕದ ಫೋಟೊದಲ್ಲಿ ಟೈರ್ ಮೇಲಿನ ಅಂಕಿ ಎದ್ದು ಕಾಣುತ್ತಿತ್ತು: 245/35 ಆರ್ 20. ಅದು ಅಪ್ಪಟ ಲೋ ಪ್ರೊಫೈಲ್. ಪೇಪರ್‌ಗಳಲ್ಲಿ ‘ಹೈ ಪ್ರೊಫೈಲ್ ಕೇಸ್’ ಓದಿ ಓದಿ, ದುಬಾರಿ ಆಗಿರುವುದೆಲ್ಲ ಹೈ ಪ್ರೊಫೈಲ್ ಎಂದುಕೊಂಡಿದ್ದಾರೋ ಏನೋ. ಇನ್ನು ಕೆಲವರಿಗೆ ಲೋ ಪ್ರೊಫೈಲ್ ಅಂದರೆ ಕಾರೇ ಕುಳ್ಳಗಾಗುವುದು, ಹಂಪ್‌ಗೆ ಹೊಟ್ಟೆ ತಾಗುವುದು. ಇದನ್ನೂ ಕೇಳಿ ಕೇಳಿ ಸಾಕಾಗಿದೆ.

ಪದ ಬಂದಿರುವುದು ಇಟಾಲಿಯನ್‌ನಿಂದ. ‘ಪ್ರೊಫಿಲಾರೆ’ ಅಂದರೆ ಗೆರೆ ಎಳೆದು ಅಂಚು ತೋರಿಸುವುದು. ಅದರೊಳಗಿನ ‘ಫಿಲೋ’ ಅಂದರೆ ದಾರ, ಲ್ಯಾಟಿನ್ನಿನ ‘ಫಿಲುಮ್’. ಬಲ್ಬಿನ ಫಿಲಮೆಂಟ್ ಕೂಡ ಇದೇ ಮನೆಯದು. ದಾರದಷ್ಟು ಸಣ್ಣ ಗೆರೆಯಲ್ಲಿ ಬರೆದ ಆಕಾರ, ಆಮೇಲೆ ಪಕ್ಕದಿಂದ ಕಾಣುವ ಮುಖ. ಅಂತಸ್ತು, ಹೆಸರು, ಪ್ರಚಾರ ಎಲ್ಲ ಈ ಪದಕ್ಕೆ ತಡವಾಗಿ ಅಂಟಿಕೊಂಡವು. ಟೈರ್‌ನವರಿಗೆ ಬೇಕಾಗಿರುವುದು ಬರೀ ಆಕಾರ. ಟೈರನ್ನು ಅಡ್ಡ ಕತ್ತರಿಸಿ ನೋಡಿದರೆ ಅಗಲದ ಎಷ್ಟು ಪಾಲು ಗೋಡೆಯ, ಅಂದರೆ ರಿಮ್‌ನ ಅಂಚಿನಿಂದ ರಸ್ತೆಯವರೆಗಿನ ರಬ್ಬರಿನ, ಎತ್ತರವಿದೆ? ಅಷ್ಟೇ ಪ್ರೊಫೈಲ್.

ಎಷ್ಟು ಪಾಲು ಎಂಬುದನ್ನೇ ಜನ ಮರೆಯುತ್ತಾರೆ. 245/45ರಲ್ಲಿ ಅಗಲ 245 ಮಿಲಿಮೀಟರ್, ಆದರೆ 45 ಆ ಅಗಲದ ಶೇಕಡಾ. ಅಂದರೆ ಗೋಡೆ ಸುಮಾರು 110 ಮಿ.ಮೀ. ಹಾಗಾಗಿ ‘ನನ್ನದೂ 40, ನಿನ್ನದೂ 40’ ಅನ್ನುವ ಮಾತಿಗೆ ಅರ್ಥವಿಲ್ಲ. 205ರ ಶೇ 40 ಅಂದರೆ 82 ಮಿ.ಮೀ., 275ರ ಶೇ 40 ಅಂದರೆ 110. ‘ಆರ್’ ಆದಮೇಲೆ ಬರುವ ಕೊನೆಯ ಅಂಕಿ, ಅಂದರೆ ರಿಮ್‌ನ ವ್ಯಾಸ, ಅದಂತೂ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಲೆಕ್ಕ.

ಈಗ ಶೋರೂಮಿನ ಪ್ರಶ್ನೆಗೆ ಬರೋಣ: ಸ್ಟ್ಯಾಂಡರ್ಡ್ 18 ಇರಲೋ, ಜಾಸ್ತಿ ಕೊಟ್ಟು 20 ಹಾಕಿಸಲೋ? ‘ದೊಡ್ಡ ವೀಲ್ ಆದರೆ ಕಾರು ಸ್ವಲ್ಪ ಎತ್ತರ ಆಗುತ್ತೆ, ನಮ್ಮ ರೋಡಿಗೆ ಒಳ್ಳೇದಲ್ವಾ?’ ಎಂದು ಕೇಳುವವರಿದ್ದಾರೆ. ಕೂಡಿ ನೋಡಿ. 245/45 ಆರ್ 18ರ ಗೋಡೆ ಮೇಲೊಂದು ಕೆಳಗೊಂದು, ಎರಡೂ ಸೇರಿ 220 ಮಿ.ಮೀ.; ರಿಮ್ 457. ಒಟ್ಟು ಸುಮಾರು 678. 245/35 ಆರ್ 20ರಲ್ಲಿ ಗೋಡೆಗಳು 171, ರಿಮ್ 508. ಒಟ್ಟು ಸುಮಾರು 679. ನೆಲದಿಂದ ಕಾರು ಏರಿದ್ದು ಒಂದು ಮಿಲಿಮೀಟರೂ ಇಲ್ಲ. ಸ್ಪೀಡೋಮೀಟರ್, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಲ್ಲವೂ ಚಕ್ರದ ಸುತ್ತಳತೆ ನಂಬಿಕೊಂಡಿರುವುದರಿಂದ ಕಂಪನಿಯವರು ಬೇಕೆಂದೇ ಹೀಗೆ ಹೊಂದಿಸುತ್ತಾರೆ. ರಿಮ್‌ಗೆ ಸಿಕ್ಕ ಎರಡು ಇಂಚು ರಬ್ಬರಿನಿಂದ ಕಿತ್ತುಕೊಂಡದ್ದು. ಲೋ ಆಗಿದ್ದು ಅದೊಂದೇ.

ಆಲ್ಟೊ 800ರ ಟೈರ್ 145/80 ಆರ್ 12. ಅದರ ಗೋಡೆ 116 ಮಿ.ಮೀ. ಮುಕ್ಕಾಲು ಕೋಟಿಯ ಸೆಡಾನಿಗೆ 20 ಇಂಚು ಹಾಕಿಸಿದರೆ ಉಳಿಯುವುದು 86. ಪೈಪ್ ಹಾಕಲು ಅಗೆದು, ಅರ್ಧಂಬರ್ಧ ಮುಚ್ಚಿದ ಬೆಂಗಳೂರಿನ ಗಲ್ಲಿಯಲ್ಲಿ ಈ 30 ಮಿಲಿಮೀಟರ್ ಸಣ್ಣದಲ್ಲ. ಗುಂಡಿಯ ಚೂಪು ಅಂಚಿಗೆ ಬಡಿದಾಗ ಗೋಡೆ ಪೂರ್ತಿ ಮಡಚಿ, ರಿಮ್‌ಗೂ ಕಲ್ಲಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಗುತ್ತದೆ. ಒಳಗಿನ ದಾರಗಳು ತುಂಡಾಗುತ್ತವೆ. ಆಮೇಲೆ ಪಕ್ಕದಲ್ಲಿ ಒಂದು ಗುಳ್ಳೆ ಏಳುತ್ತದೆ, ಪಂಕ್ಚರ್ ಅಂಗಡಿಯವರು ಬಬಲ್ ಅನ್ನುತ್ತಾರೆ. ಅದಕ್ಕೆ ಪ್ಯಾಚ್ ಇಲ್ಲ, ಟೈರ್ ಬದಲಿಸಬೇಕು. ಬಾಗಿದ ರಿಮ್ಮಿಗಾದರೆ ಜೆ.ಸಿ. ರೋಡ್ ಕಡೆ ಬೆಂಡ್ ತೆಗೆಯುವವರು ಸಿಗುತ್ತಾರೆ. ಬಿರುಕು ಬಿಟ್ಟದ್ದನ್ನು ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ.

‘ಏರ್ ಸಸ್ಪೆನ್ಷನ್ ಇದೆ ಸಾರ್, ಏನೂ ಗೊತ್ತಾಗಲ್ಲ’ ಅನ್ನುವುದು ಸೇಲ್ಸ್ ಮಾತು. ಸಸ್ಪೆನ್ಷನ್ ದೊಡ್ಡ ಏರಿಳಿತವನ್ನು ನುಂಗುತ್ತದೆ. ಚಿಕ್ಕ, ಚೂಪಾದ ಏಟನ್ನು ಮೊದಲು ತಿನ್ನುವುದು ಟೈರಿನ ಗಾಳಿ ಮತ್ತು ಗೋಡೆ. ದೊಡ್ಡ ರಿಮ್ ಸಾಮಾನ್ಯವಾಗಿ ಭಾರವೂ ಜಾಸ್ತಿ, ಆ ಭಾರ ಸ್ಪ್ರಿಂಗಿನ ಕೆಳಗಿರುವುದರಿಂದ ಚಕ್ರ ರಸ್ತೆಯನ್ನು ಹಿಂಬಾಲಿಸಲು ಕಷ್ಟಪಡುತ್ತದೆ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲ್ಯಾಟ್ ಟೈರ್ ಆದರಂತೂ ಗೋಡೆ ಮೊದಲೇ ಬಿರುಸು.

ಲಾಭ ಇಲ್ಲವೆಂದಲ್ಲ. ಗಿಡ್ಡ ಗೋಡೆ ಕಡಿಮೆ ಬಾಗುತ್ತದೆ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ. ದೊಡ್ಡ ಬ್ರೇಕ್ ಇರುವ ಕೆಲವು ಮಾಡೆಲ್‌ಗಳಿಗೆ ಚಿಕ್ಕ ರಿಮ್ ಕೂರುವುದೇ ಇಲ್ಲ. ನೋಡಲೂ ಚೆನ್ನಾಗಿರುತ್ತದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ ಕಾರಿಗೆ ಮಿತಿ 100 ಕಿ.ಮೀ. ಇರುವಾಗ, ಹಿಂದಿನ ಸೀಟಿನಲ್ಲಿ ಕೂತು ಓಡಾಡುವವರಿಗೆ ಆ ಚುರುಕು ಯಾಕೆ? ನನ್ನ ಓಟು 18ಕ್ಕೆ.

ಟೆಸ್ಟ್ ಡ್ರೈವ್‌ಗೆ ಹೋದಾಗ ಡೆಮೊ ಕಾರಿನ ಟೈರಿನ ಮೇಲಿನ ಅಂಕಿ ಓದಿಕೊಳ್ಳಿ. ನೀವು ಓಡಿಸಿದ್ದು 18, ಬುಕ್ ಮಾಡುತ್ತಿರುವುದು 20 ಆದರೆ ಆ ಡ್ರೈವ್ ಲೆಕ್ಕಕ್ಕಿಲ್ಲ. 20ರ ಕಾರನ್ನೇ ಕೇಳಿ, ಗುಂಡಿ ಇರುವ ಗಲ್ಲಿಗೇ ಒಯ್ಯಿರಿ. ಮತ್ತೆ, ಅಂಕಿಯ ಮಧ್ಯದ ‘ಆರ್’ ರಿಮ್ ಅಲ್ಲ, ರೇಡಿಯಸ್ಸೂ ಅಲ್ಲ. ಅದು ರೇಡಿಯಲ್, 1946ರಲ್ಲಿ ಮಿಷೆಲಿನ್ ಪೇಟೆಂಟ್‌ಗೆ ಅರ್ಜಿ ಹಾಕಿದ ಆ ದಾರದ ಜೋಡಣೆ. ಅದರ ಕತೆ ಇನ್ನೊಮ್ಮೆ.