ದೇವರ ಹೆಸರಿನ ಸಂಘ ಎಲ್ಲರ ಸಂಘ ಆಗಬಹುದಾ?

ಪ್ರಶ್ನೆ: ಕೊಡಗಿನ ನಮ್ಮೂರ ದೇವಸ್ಥಾನದ ಯುವಕರ ಗುಂಪು 2018ರ ಮಳೆಯಿಂದ ಈಚೆಗೆ ಕಷ್ಟದಲ್ಲಿರುವವರಿಗೆ ರೇಷನ್, ಔಷಧಿ ಖರ್ಚು ಅಂತ ಸಹಾಯ ಮಾಡುತ್ತಾ ಬಂದಿದೆ. ಈಗ ನೋಂದಣಿ ಮಾಡಿಸಿ ದೊಡ್ಡದಾಗಿ ನಡೆಸಬೇಕು ಅಂತಿದ್ದೇವೆ. ದೇವರ ಹೆಸರು ಇಟ್ಟುಕೊಂಡೇ ಬೆಳೆಯಬಹುದಾ, ಇಲ್ಲ ತೆಗೆಯಬೇಕಾ?

ತೆಗೆಯಬೇಡಿ. ಕೊಡಗಿನಲ್ಲಿ ಚರ್ಚ್‌ನವರು, ಜಮಾಅತ್‌ನವರು ಕೇಳಿದರೂ ನನ್ನ ಉತ್ತರ ಇದೇ. ನಿಮ್ಮ ಹುಡುಗರು ಜಡಿಮಳೆಯಲ್ಲಿ ಅಕ್ಕಿಮೂಟೆ ಹೊತ್ತು ಹೋಗಿದ್ದು ಆ ದೇವರ ಮೇಲಿನ ಭಕ್ತಿಯಿಂದ ಅಲ್ವಾ? ಅದನ್ನು ಮುಚ್ಚಿಟ್ಟು ಯಾವುದೋ ಬಣ್ಣವಿಲ್ಲದ ಹೆಸರು ಇಟ್ಟರೆ ಇರುವ ಜನರೂ ದೂರ ಆಗುತ್ತಾರೆ.

ಬೆಳವಣಿಗೆಗೆ ಹೆಸರು ಅಡ್ಡಿ ಅಲ್ಲ. ನಿಮ್ಮ ಸಹಾಯ ಯಾರಿಗೆ ಅಂತ ಕಾಗದದಲ್ಲಿ ಏನು ಬರೆದಿದ್ದೀರಿ ಅನ್ನೋದು ಮುಖ್ಯ. ಜನ ಈಗಲೂ 80ಜಿ ಅಂತಲೇ ಕರೆಯುವ ತೆರಿಗೆ ರಿಯಾಯಿತಿ ಇದೆಯಲ್ಲ, ನಿಮಗೆ ದಾನ ಕೊಟ್ಟವರಿಗೆ ಅದು ಸಿಗಬೇಕಾದರೆ ಸಂಸ್ಥೆ ಒಂದೇ ಧರ್ಮದ ಅಥವಾ ಒಂದೇ ಜಾತಿಯ ಜನರಿಗೆ ಮಾತ್ರ ಅಂತ ಇರಬಾರದು, ಪೂಜೆ ಉತ್ಸವದಂಥ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದಲ್ಲಿ ಶೇ. 5ಕ್ಕಿಂತ ಜಾಸ್ತಿ ಖರ್ಚು ಮಾಡುವಂತೆಯೂ ಇಲ್ಲ. ಎಷ್ಟೋ ಗುಂಪುಗಳು ಎಡವುವುದು ಇಲ್ಲೇ. "ನಮ್ಮ ಸಮುದಾಯದ ಏಳಿಗೆಗಾಗಿ" ಅಂತ ಬೈಲಾದಲ್ಲಿ, ಅಂದರೆ ಸಂಘದ ನಿಯಮಗಳ ಕಾಗದದಲ್ಲಿ, ಒಂದು ಸಾಲು ಸುಮ್ನೆ ಸೇರಿಸಿಬಿಡುತ್ತಾರೆ. ಆಮೇಲೆ ಅದನ್ನು ತಿದ್ದಿಸಲು ಓಡಾಟ. ನಿಮ್ಮ ಬೈಲಾದಲ್ಲಿ ಜಾತಿ ಧರ್ಮ ನೋಡದೆ ಕಷ್ಟದಲ್ಲಿರುವ ಯಾರಿಗಾದರೂ ಅಂತ ಮೊದಲ ದಿನವೇ ಬರೆಯಿರಿ. ಇನ್ನೊಂದು ಮಾತು: ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಈ ರಿಯಾಯಿತಿ ಸಿಗುವುದಿಲ್ಲ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದಾನಕ್ಕೂ ಇಲ್ಲ. ಅದಕ್ಕೇ ಇದೊಂದನ್ನೇ ನಂಬಿಕೊಂಡು ಕೂರಬೇಡಿ.

ಕಾನೂನು ಬಿಡಿ, ಸಹಾಯ ಎಲ್ಲರಿಗೂ ಸಿಗಬೇಕು ಅಂತ ಕೊಡಗಿನ ನೆಲವೇ ಕೇಳುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ, ಮರುವರ್ಷ ಕರಡಿಗೋಡಿನಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದಾಗ, ನೀರು ಮಣ್ಣು ಯಾರ ಜಾತಿ ನೋಡಿತು? ಕಾಫಿ ತೋಟದ ಲೈನ್ ಮನೆಗಳಿಗೆ, ಅಂದರೆ ಕಾರ್ಮಿಕರ ಸಾಲು ಮನೆಗಳಿಗೆ, ಹೋಗಿ ನೋಡಿ. ಯರವರು, ಕುರುಬರಂಥ ಇಲ್ಲಿನ ಆದಿವಾಸಿಗಳು, ತಮಿಳುನಾಡಿನಿಂದ ಬಂದವರು, ಅಸ್ಸಾಮಿನಿಂದ ಬಂದವರು. ಎಷ್ಟೋ ಜನರಿಗೆ ಇಲ್ಲಿನ ವಿಳಾಸದ ಒಂದು ಕಾಗದವೂ ಇರುವುದಿಲ್ಲ, ಹಾಗಾಗಿ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರುವುದು ಕಷ್ಟ. ಸಂಘ ಬೇಕಾಗಿರುವುದು ಎಲ್ಲರಿಗಿಂತ ಮೊದಲು ಅವರಿಗೆ. ಸಹಾಯಕ್ಕೆ ಬಂದವರನ್ನು ಪ್ರಾರ್ಥನೆಗೆ ಕೂರಿಸಬೇಡಿ, ದೇವಸ್ಥಾನಕ್ಕೆ ಬನ್ನಿ ಅಂತ ಷರತ್ತು ಹಾಕಬೇಡಿ. ಹಸಿದವರ ಹತ್ತಿರ ಅಂಥ ಮಾತು ಆಡುವುದೇ ತಪ್ಪು.

ನೋಂದಣಿ ಅಷ್ಟು ಕಷ್ಟದ್ದಲ್ಲ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು. ಪ್ರತಿ ವರ್ಷ ಮಹಾಸಭೆ, ಆಡಿಟ್ ಆದ ಲೆಕ್ಕ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಮಾಡಿಸಿದರೆ ಆಯಿತು, ಆದರೆ ಅಧಿಕಾರ ಕೆಲವೇ ಟ್ರಸ್ಟಿಗಳ ಕೈಯಲ್ಲಿ ಉಳಿಯುತ್ತದೆ. ಊರಿನ ಯುವಕರ ಗುಂಪಿಗೆ ಸಂಘವೇ ಸರಿ ಅನ್ನೋದು ನನ್ನ ಅಭಿಪ್ರಾಯ, ಲೆಕ್ಕ ಕೇಳುವ ಹಕ್ಕು ಸದಸ್ಯರಿಗೆ ಇರುತ್ತದೆ.

ದೇವಸ್ಥಾನದ ಹುಂಡಿ ದುಡ್ಡು ಮತ್ತು ಸಂಘದ ದುಡ್ಡು ಎಂದೂ ಒಂದಾಗಬಾರದು. ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ. ಮುಜರಾಯಿ ದೇವಸ್ಥಾನವಾದರಂತೂ ಇನ್ನೂ ಜಾಗ್ರತೆ ಬೇಕು, ಆ ಹಣ ಹೇಗೆ ಬಳಸಬೇಕು ಅನ್ನೋದಕ್ಕೆ ಬೇರೆಯದೇ ಕಾನೂನು ಇದೆ. ಹೊರದೇಶದಲ್ಲಿರುವ ಊರವರು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ಅನುಮತಿ ಇಲ್ಲದೆ ಅವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.

ಕೊನೆಗೆ ಸಂಘದ ಕೆಲಸಕ್ಕೆ ಬರುವ ಜನರ ವಿಚಾರ. ಮಳೆಗಾಲದಲ್ಲಿ ಕರೆದರೆ ಊರೇ ಬರುತ್ತದೆ, ಕಾಫಿ ಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ. ಆದರೆ ಡಯಾಲಿಸಿಸ್‌ಗೆ ಹೋಗುವವರಿಗೆ, ಒಂಟಿಯಾಗಿರುವ ಅಜ್ಜಿಗೆ ಕೊಯ್ಲು ಅಂತ ರಜೆ ಇದೆಯಾ? ಆ ತಿಂಗಳುಗಳಲ್ಲಿ ಯಾರು ಫೋನ್ ಎತ್ತುತ್ತಾರೆ, ಯಾರ ಜೀಪು ಹೋಗುತ್ತದೆ ಅಂತ ಮೊದಲೇ ಗೊತ್ತಾಗಬೇಕು. ನೋಂದಣಿಗೆ ಹೋಗುವ ಮೊದಲು ಒಂದು ಸಂಜೆ ಕೂತು ಆ ಹೆಸರುಗಳನ್ನು ಬರೆಯಿರಿ, ಲೈನ್ ಮನೆಯವರನ್ನೂ ಆ ಸಭೆಗೆ ಕರೆಯಿರಿ.